ಬುಧವಾರದ ವಹಿ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ, ಕಿರಾಣಿ ಅಂಗಡಿಯವರು ಉದ್ದರಿ ಬರೆಯುವುದಕ್ಕೆ ಬಳಸುವಂತಹ ಕೆಂಪು ರಟ್ಟಿನ ನೀಳವಾದ ವಹಿಯೊಂದು ಇಂದಿಗೂ ಉಳಿದಿದೆ. ಅದನ್ನು ಬರೆದವರು ನಮ್ಮ ಕಾಕಾ. ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ರೈಲ್ವೆಯ ನೌಕರಿ ಮಾಡಿದ ಅವರು ನಿಜಾಮರ ಆಳಿಕೆಯಲ್ಲಿ ಶಾಲೆ ಕಲಿತವರಾದುದರಿಂದ ಅವರ ಕೈ ಉರ್ದುವಿಗೆ ಪಳಗಿದ್ದಿತು. ಹೀಗಾಗಿ ಆ ವಹಿಯು ಬಲಗಡೆಯಿಂದ ತೆರೆಯುತ್ತದೆ. ಪ್ರತಿಯೊಂದು ಹಾಳೆಯ ನೆತ್ತಿಯಲ್ಲಿ ಒಂದು ಬುಧವಾರದ ತಾರೀಖು. ಅದರ ಕೆಳಗೆ ಹದಿನಾರರಿಂದ ಒಂದರವರೆಗೆ ಇಳಿದು ಬರುವ ಅಂಕಿಗಳು. ಅಂಕಿಗಳ ಮುಂದೆ ಹಾಡು, ಚಿತ್ರ ಮತ್ತು ಗಾಯಕರ ಹೆಸರುಗಳು. ಕೆಲವು ಕಡೆ ಅಂಕಿಯ ಮುಂದೆ ಒಂದು ಗೆರೆಯನ್ನು ಮಾತ್ರ ಎಳೆದಿದ್ದಾರೆ. ಆ ಗೆರೆ ಏಕೆಂದು ಒಮ್ಮೆ ಕೇಳಿದ್ದೆನು. “ಆವಾಗ ಗಾಡಿ ಬಂತಪಾ, ಹಾಡು ಹೋತು” ಎಂದರು.

ಈ ವಹಿಯ ನೆವದಿಂದ, ವಾರಕ್ಕೊಮ್ಮೆ ಬರುತ್ತಿದ್ದ ರೇಡಿಯೋ ಕಾರ್ಯಕ್ರಮವೊಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಿವಿಯನ್ನು ಹೇಗೆ ತಿದ್ದಿತೆಂಬುದನ್ನು ಬರೆಯಬೇಕೆಂಬ ಇಚ್ಛೆ ನನಗೆ ಬಹುಕಾಲದಿಂದ ಇದ್ದಿತು. ಈ ಸೀಮೆಯನ್ನು ಬಲ್ಲವರಿಗೆ ಇದು ಕಲ್ಲಿನ ಸೀಮೆ. ನೆಲವನ್ನು ನಾಲ್ಕು ಮೊಳ ಅಗೆದರೆ ಹಾಳೆಹಾಳೆಯಾಗಿ ಏಳುವ ಪರ್ಸಿ ಕಲ್ಲು ಇಲ್ಲಿಯ ಮನೆಗಳಿಗೆ ನೆಲ, ಗೋಡೆ, ಮಾಳಿಗೆ ಎಲ್ಲವೂ ಹೌದು. ದೇಶದ ಎಷ್ಟೋ ನಿಲ್ದಾಣಗಳ ಹಾಸುಗಲ್ಲಿಗೆ ಶಹಾಬಾದದ ಹೆಸರೇ ಇದೆ. ಮುಂಬಯಿಯ ಕಡೆಯಿಂದ ಬಂದ ಜಿ.ಐ.ಪಿ. ರೈಲ್ವೆಯು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯೊಡನೆ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೇಲೆ ಹಾಯ್ದು ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಚಿಂಚೋಳಿ ಮಾತ್ರ ಕಾಡಿನ ಮಗ್ಗುಲಲ್ಲಿ, ಹಳಿಯಿಂದ ದೂರದಲ್ಲಿ ಉಳಿಯಿತು. ಮುಂಬಯಿ, ಮದರಾಸು, ಹೈದರಾಬಾದು ಈ ಮೂರೂ ದಿಕ್ಕಿನ ಗಾಡಿಗಳು ನಿಂತು ಹೋಗುವ ನೆಲವಾದರೂ ಇದು ಯಾವ ದಿಕ್ಕಿನವರಿಗೂ ಸೇರಿದ ಊರಾಗಲಿಲ್ಲ. ಹಾಡಿನ ವಿಷಯದಲ್ಲಿಯೂ ಇದರ ಹಣೆಬರಹ ಹೆಚ್ಚುಕಡಿಮೆ ಹಾಗೆಯೇ ಇದ್ದಿತು.

ಹಾಡು ಇರಲಿಲ್ಲವೆಂದಲ್ಲ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಏಕತಾರಿ ಮತ್ತು ದಮ್ಮಡಿಗಳ ಮೇಲೆ ರಾತ್ರಿಯಿಡೀ ಹಾಡುವ ಭಜನಾ ಮಂಡಳಿಯಿಲ್ಲದ ಹಳ್ಳಿಯೇ ಇಲ್ಲಿರಲಿಲ್ಲ. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತಲೂ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹೇಳುತ್ತಿದ್ದರು. ಕಲಬುರ್ಗಿಯ ಬಂದೇನವಾಜರ ಉರುಸಿಗೆ ಹೋದವರು ಕವ್ವಾಲಿ ಕೇಳಿಕೊಂಡು ಬರುತ್ತಿದ್ದರು. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿಗರ ಹಾಡುಗಳು, ಗಡಿಯಾಚೆಗೆ ತೆಲುಗಿನವರ ಬುರ್ರಕಥೆ, ಸುಗ್ಗಿ ಮುಗಿದ ಮೇಲೆ ಯಾವುದಾದರೊಂದು ನಾಟಕ ಕಂಪನಿಯ ಡೇರೆ. ಇಷ್ಟೆಲ್ಲ ಇದ್ದರೂ ‘ಸಂಗೀತ’ವೆಂಬ ಶಬ್ದವನ್ನು ನಮ್ಮ ಹಿರಿಯರು ಇವುಗಳಿಗೆ ಬಳಸುತ್ತಿರಲಿಲ್ಲವೆಂಬುದು ವಿಚಾರ ಮಾಡತಕ್ಕ ಸಂಗತಿ. ಇವು ಪದ, ಭಜನಿ, ಅಲಾಯಿ ಹಾಡು. ಸಂಗೀತವೆಂದರೆ ಬೇರೆ ಎಲ್ಲಿಯೋ ಇರುವುದು, ದೂರದಿಂದ ಬರತಕ್ಕದ್ದು.

ದೂರದಿಂದ ಮೊದಲು ಬಂದುದು ಹೈದರಾಬಾದಿನ ‘ದಕ್ಕನ್ ರೇಡಿಯೋ’. ಖಾಸಗಿಯವರ ಕೈಯಲ್ಲಿ ಹುಟ್ಟಿದ ಆ ಚಿಕ್ಕ ಕೇಂದ್ರವನ್ನು 1935ರಲ್ಲಿ ನಿಜಾಮ ಸರಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. ಅದರ ಮುಖ್ಯ ಭಾಷೆ ಉರ್ದು. ಕನ್ನಡಕ್ಕೆ ದೊರೆತುದು ಅಲ್ಪ ಸಮಯ. ಅಲ್ಲದೆ ಆಗಿನ ರೇಡಿಯೋಗಳೆಂದರೆ ಜಾಗೀರದಾರರ ದೇವಡಿಗಳಲ್ಲಿಯೂ ಅಧಿಕಾರಿಗಳ ಬಂಗಲೆಗಳಲ್ಲಿಯೂ ಶಹಾಬಾದದ ಸಿಮೆಂಟು ಕಾರಖಾನೆಯ ದೊಡ್ಡ ಸಾಹೇಬರ ಮನೆಗಳಲ್ಲಿಯೂ ಇದ್ದ ಕೆಲವೇ ಪೆಟ್ಟಿಗೆಗಳು. ಸಾಮಾನ್ಯರು ಆ ಪೆಟ್ಟಿಗೆಯ ಮುಂದೆ ಗುಂಪುಗೂಡಿದ ದಿನವೆಂದರೆ 1948ರ ಸಪ್ಟಂಬರ 17. ಪೋಲೀಸ್ ಕಾರ್ಯಾಚರಣೆಯ ಕೊನೆಯಲ್ಲಿ ಶರಣಾಗತಿಯ ಸುದ್ದಿಯನ್ನು ನಿಜಾಮರು ತಾವೇ ರೇಡಿಯೋದಲ್ಲಿ ಹೇಳಿದ ದಿನ. 1950ರ ಎಪ್ರಿಲ್ 1ರಂದು ಹೈದರಾಬಾದ್ ಕೇಂದ್ರವು ಆಕಾಶವಾಣಿಯಲ್ಲಿ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರವೂ ಆರಂಭವಾಗಿದ್ದಿತು. ಆದರೆ ಧಾರವಾಡದ ಕನ್ನಡವು ನಮ್ಮ ಕಡೆಗೆ ಬರುವ ಹೊತ್ತಿಗೆ ಗರಗರ ಸದ್ದಿನಲ್ಲಿ ಅರ್ಧ ಮುಳುಗಿಹೋಗುತ್ತಿತ್ತು. ಕಲಬುರ್ಗಿಗಾದರೋ ಕೇಂದ್ರವೇ ಇರಲಿಲ್ಲ.

ಇಂತಹ ಸಂದರ್ಭದಲ್ಲಿ ದಿಲ್ಲಿಯಲ್ಲಿ ನಡೆದ ಒಂದು ಜಗಳದ ಫಲವಾಗಿ ಕೊಲಂಬೋ ನಗರವು ವಾಡಿಗೆ ಹತ್ತಿರವಾಯಿತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಪರಮ ಅಭಿಮಾನಿಗಳು; ಸಿನಿಮಾ ಹಾಡುಗಳಿಂದ ಜನರ ಅಭಿರುಚಿ ಕೆಡುತ್ತಿದೆಯೆಂಬುದು ಅವರ ದೃಢವಾದ ನಂಬಿಕೆ. ಆಕಾಶವಾಣಿಯಲ್ಲಿ ಆ ಹಾಡುಗಳ ಪಾಲು ಕುಗ್ಗಿತು. ಚಿತ್ರದ ಹೆಸರನ್ನು ಹೇಳಿದರೆ ಜಾಹೀರಾತಾದೀತೆಂದು ಗಾಯಕರ ಹೆಸರನ್ನಷ್ಟೇ ಹೇಳುವ ಕ್ರಮ ಬಂದಿತು. ಚಿತ್ರ ನಿರ್ಮಾಪಕರು ಸಿಟ್ಟಾಗಿ ತಮ್ಮ ಹಾಡುಗಳನ್ನು ಕೊಡಲೊಲ್ಲೆವೆಂದರು. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ಸೈನ್ಯಕ್ಕಾಗಿ ಸಿಂಹಳದಲ್ಲಿ ನೆಟ್ಟ ಪ್ರಬಲವಾದ ಪ್ರಸಾರ ಯಂತ್ರಗಳು ಯುದ್ಧ ಮುಗಿದ ತರುವಾಯ ರೇಡಿಯೋ ಸಿಲೋನಿನ ಪಾಲಿಗೆ ಬಂದಿದ್ದುವು. ವ್ಯಾಪಾರಿ ಪ್ರಸಾರಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ. ಮುಂಬಯಿಯ ಕಂಪನಿಗಳು ಹಣ ಕೊಟ್ಟವು. ಮುಂಬಯಿಯಲ್ಲಿಯೇ ಮುದ್ರಿಸಿದ ಟೇಪುಗಳು ವಿಮಾನದಲ್ಲಿ ಕೊಲಂಬೋಗೆ ಹೋಗಿ ಅಲ್ಲಿಂದ ಶಾರ್ಟ್‌ವೇವಿನಲ್ಲಿ ಮರಳಿ ಭಾರತಕ್ಕೆ ಬಂದುವು. ಶಾರ್ಟ್‌ವೇವಿನ ಗುಣವೇ ವಿಚಿತ್ರವಾದುದು: ಅದು ಆಕಾಶದ ಮೇಲಣ ಪದರಕ್ಕೆ ತಾಗಿ ಪುಟಿದು ಬಹುದೂರದಲ್ಲಿ ಇಳಿಯುತ್ತದೆ. ಆದುದರಿಂದಲೇ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಕೊಲಂಬೋ ವಾಡಿಯಲ್ಲಿ ಸ್ವಚ್ಛವಾಗಿ ಹತ್ತುತ್ತಿತ್ತು. ಅದಕ್ಕಿಂತ ಎಷ್ಟೋ ಸಮೀಪದ ಧಾರವಾಡ ಹತ್ತುತ್ತಿರಲಿಲ್ಲ.

ಆ ವರ್ಷದ ಡಿಸೆಂಬರ 3, ಬುಧವಾರದಂದು ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ನಿರೂಪಕರಾದ ಅಮೀನ್ ಸಯಾನಿಯವರಿಗೆ ಆಗ ಇಪ್ಪತ್ತು ವರ್ಷ ತುಂಬಲು ಇನ್ನೂ ಕೆಲವು ದಿನಗಳಿದ್ದುವು. ಮೊದಮೊದಲು ಅದು ಒಂದು ಸ್ಪರ್ಧೆ. ಏಳು ಹಾಡುಗಳನ್ನು ಹಾಕಿ ಅವುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಬರೆದವರಿಗೆ ಬಹುಮಾನ ಕೊಡುತ್ತಿದ್ದರು. ಮೊದಲ ಪ್ರಸಾರಕ್ಕೇ ಒಂಬತ್ತು ಸಾವಿರ ಪತ್ರಗಳು ಬಂದುವೆಂದು ಸಯಾನಿಯವರು ಹೇಳುತ್ತಿದ್ದುದುಂಟು. ಪತ್ರಗಳ ಮೂಟೆಗಳನ್ನು ಬಿಚ್ಚುವುದೇ ದುಸ್ತರವಾದ ಕಾರಣ, 1954ರ ಕೊನೆಯಿಂದ ಸ್ಪರ್ಧೆಯನ್ನು ಬಿಟ್ಟು, ರೆಕಾರ್ಡುಗಳ ಮಾರಾಟವನ್ನೂ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ನೋಡಿ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮವನ್ನು ಹಿಡಿದರು. ಮೆಟ್ಟಿಲಿಗೆ ಅವರು ‘ಪಾಯ್ದಾನ್’ ಎನ್ನುತ್ತಿದ್ದರು. ನಮ್ಮ ಕಡೆಗೆ ಆ ಶಬ್ದ ಹೊಸದೇನಲ್ಲ. ಟಾಂಗಾ ಹತ್ತುವುದಕ್ಕೂ ನಾವು ಪಾಯ್ದಾನಿನ ಮೇಲೆಯೇ ಕಾಲಿಡುತ್ತಿದ್ದೆವು. ಸಯಾನಿಯವರದು ಪಂಡಿತರ ಹಿಂದಿಯಲ್ಲ, ಮೌಲ್ವಿಗಳ ಉರ್ದುವೂ ಅಲ್ಲ. ಸಂತೆಯಲ್ಲಿ ನಿಂತು ಗೆಳೆಯನೊಬ್ಬ ಮಾತನಾಡಿದಂತಹ ಹಿಂದುಸ್ತಾನಿ. ದಖನಿಗೆ ಒಗ್ಗಿದ ನಮ್ಮವರ ಕಿವಿಗೆ ಅದು ದಿಲ್ಲಿಯ ಸುದ್ದಿಗಿಂತ ಸುಲಭವಾಗಿ ತಿಳಿಯುತ್ತಿದ್ದಿತು. ಅಂದಹಾಗೆ, ಕಾರ್ಯಕ್ರಮಕ್ಕೆ ಹೆಸರು ಕೊಟ್ಟ ಬಿನಾಕಾ ಟೂತ್‌ಪೇಸ್ಟಿನ ಕಂಪನಿಗೆ ನಮ್ಮ ತಾಲೂಕುಗಳಿಂದ ಎಷ್ಟು ಲಾಭವಾಯಿತೋ ದೇವರೇ ಬಲ್ಲ. ಬಿನಾಕಾ ಕೇಳುವವರೆಲ್ಲ ಮರುದಿನ ಬೆಳಿಗ್ಗೆ ಬೇವಿನ ಕಡ್ಡಿಯಿಂದಲೇ ಹಲ್ಲು ತಿಕ್ಕುತ್ತಿದ್ದರು.

ಕಾಕಾ ರೇಡಿಯೋ ಕೊಂಡುದು ವಾಡಿಯ ರೈಲ್ವೆ ಚಾಳಿಗೆ ಬಂದ ಮೂರನೆಯ ವರ್ಷ. ಕಟ್ಟಿಗೆಯ ಪೆಟ್ಟಿಗೆ, ಮುಂಭಾಗಕ್ಕೆ ಜರಿಯಂತೆ ಮಿನುಗುವ ಬಟ್ಟೆ, ಗಾಜಿನ ಪಟ್ಟಿಯ ಮೇಲೆ ನಾವು ಎಂದೂ ಕಾಣದ ಊರುಗಳ ಹೆಸರುಗಳು, ಮೂಲೆಯಲ್ಲಿ ಒಂದು ಹಸುರು ಕಣ್ಣು. ಗುಂಡಿ ತಿರುವಿದೊಡನೆ ಅದು ಮಾತನಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾಯಬೇಕು, ಧೂಳು ಸುಟ್ಟ ಒಂದು ಬಗೆಯ ವಾಸನೆ ಬರಬೇಕು, ಆಮೇಲೆ ಹಸುರು ಕಣ್ಣು ಮೆಲ್ಲನೆ ಕಿರಿದಾಗಿ ಸ್ಟೇಶನ್ ಹತ್ತಬೇಕು. ಪರ್ಸಿ ಕಲ್ಲಿನ ಮಾಳಿಗೆಯ ಮೇಲೆ ಎರಡು ಬಿದಿರುಗಳ ನಡುವೆ ಜಾಳಿಗೆಯ ಏರಿಯಲ್ ಕಟ್ಟಿದ್ದರು. ಮಂಗಗಳು ಅದನ್ನು ಜಗ್ಗಿದ ದಿನ ನಾನು ಮಾಳಿಗೆಯನ್ನು ಹತ್ತಿ ತಂತಿಯನ್ನು ಹಿಡಿದು ನಿಲ್ಲಬೇಕಾಗುತ್ತಿತ್ತು. ಕೆಳಗಿನಿಂದ “ಇನ್ನೊಂಚೂರು ಮ್ಯಾಲ ಹಿಡಿ ತಮ್ಮಾ, ಸಿಲೋನ್ ಹತ್ಲಿಕತ್ತದ” ಎಂಬ ಕೂಗು. ವರ್ಷಕ್ಕೊಮ್ಮೆ ಪೋಸ್ಟಿಗೆ ಹೋಗಿ 15 ರೂಪಾಯಿ ಕಟ್ಟಿ ಲೈಸೆನ್ಸಿನ ಪುಸ್ತಕದಲ್ಲಿ ತಿಕೀಟು ಹಚ್ಚಿಸಬೇಕು. ಆ 15 ರೂಪಾಯಿಯ ವಿಷಯದಲ್ಲಿ ಕಾಕೂ ಎಂದೂ ಸಮಾಧಾನ ತಾಳಲಿಲ್ಲ. ಬುಧವಾರ ರಾತ್ರಿ 8 ಗಂಟೆಗೆ ಚಾಳಿನ ಅಂಗಳದಲ್ಲಿ ಚಾಪೆಗಳನ್ನು ಹಾಸುತ್ತಿದ್ದರು. ತಮಿಳು ಫೈರ್‌ಮನ್, ಮರಾಠಿ ಗಾರ್ಡ್, ಸೇಡಮ್ಮಿನಿಂದ ಬಂದ ತೆಲುಗು ಹಮಾಲರು, ನಮ್ಮ ಮನೆಯವರು. ಯಾರಿಗೂ ಯಾರ ಭಾಷೆಯೂ ಪೂರ್ತಿ ಬಾರದು, ಆದರೆ ಕಳೆದ ವಾರ ನಾಲ್ಕನೆಯ ಪಾಯ್ದಾನಿನ ಮೇಲಿದ್ದ ಹಾಡು ಈ ವಾರ ಎಲ್ಲಿಗೆ ಹೋದೀತೆಂಬ ವಾದದಲ್ಲಿ ಎಲ್ಲರಿಗೂ ಸಮಾನವಾದ ಹಕ್ಕು.

ಆ ಒಂದು ಗಂಟೆಯಲ್ಲಿ ಎಂತೆಂತಹ ಸಂಗೀತವು ಬೆರೆತು ಬರುತ್ತಿದ್ದಿತೆಂಬುದನ್ನು ಇಂದು ಕುಳಿತು ಎಣಿಸಿದರೆ ಬೆರಗಾಗುತ್ತದೆ. ನೌಷಾದರಲ್ಲಿ ಅವಧದ ಜಾನಪದ ಧಾಟಿ, ಸಚಿನ್ ದೇವ್ ಬರ್ಮನ್ನರಲ್ಲಿ ಪೂರ್ವ ಬಂಗಾಲದ ದೋಣಿಗಾರರ ಹಾಡು, ಓ. ಪಿ. ನಯ್ಯರರಲ್ಲಿ ಪಂಜಾಬದ ಢೋಲಕಿಯ ಪಕ್ಕದಲ್ಲಿಯೇ ಕುದುರೆಯ ಗೊರಸಿನ ತಾಳ, ಸಿ. ರಾಮಚಂದ್ರರಲ್ಲಿ ಒಮ್ಮೆ ಗಜಲು, ಒಮ್ಮೆ ಅಮೆರಿಕದ ಕುಣಿತದ ಬ್ಯಾಂಡು. ಇವೆಲ್ಲಕ್ಕೂ ವಾದ್ಯಗಳನ್ನು ಹೊಂದಿಸಿ ಬರೆದುಕೊಟ್ಟವರಲ್ಲಿ ಗೋವೆಯ ಕ್ರಿಸ್ತೀಯ ವಾದಕರು ಬಹುಮಂದಿ. ಅಕಾರ್ಡಿಯನ್ನೆಂಬ ವಾದ್ಯದ ಹೆಸರನ್ನು ಕೂಡ ಅರಿಯದ ಗಣಿಯ ಕೂಲಿಗಾರನು ಅದರ ಸ್ವರವನ್ನು ಬಾಯಲ್ಲಿ ಅನುಕರಿಸುತ್ತ ಉಳಿ ಹೊಡೆಯುತ್ತಿದ್ದುದನ್ನು ನಾನು ಶಹಾಬಾದದಲ್ಲಿ ಕೇಳಿದ್ದೇನೆ. ಕೇಸ್ಕರರು ಹೆದರಿದಂತೆ ಇದರಿಂದ ಅಭಿರುಚಿ ಕೆಟ್ಟಿತೆಂದು ನನಗೆ ತೋರುವುದಿಲ್ಲ. 1952ರ ‘ಬೈಜು ಬಾವ್ರಾ’ ಚಿತ್ರಕ್ಕೆ ಅಮೀರ್ ಖಾನರೂ ಡಿ. ವಿ. ಪಲುಸ್ಕರರೂ ಹಾಡಿದ್ದರು, ಖಯಾಲು ಎಂದರೇನೆಂದು ನಮ್ಮವರಲ್ಲಿ ಅನೇಕರಿಗೆ ಮೊದಲು ತಿಳಿದುದು ಆ ಸಿನಿಮಾದ ಹಾಡಿನಿಂದ. ಇನ್ನೂ ಸ್ವಾರಸ್ಯವಾದುದು 1956ರ ‘ಬಸಂತ್ ಬಹಾರ್’. ಅದರಲ್ಲಿ ಮನ್ನಾ ಡೇಯವರೊಡನೆ ಸೆಣಸಿ ಹಾಡಿದವರು ಗದುಗಿನ ಸೀಮೆಯ ನಮ್ಮ ಭೀಮಸೇನ ಜೋಶಿಯವರು. ಸಂಗೀತ ಕೊಟ್ಟ ಶಂಕರ್–ಜೈಕಿಶನ್ ಜೋಡಿಯಲ್ಲಿ ಶಂಕರ್ ಬೆಳೆದುದು ಹೈದರಾಬಾದಿನಲ್ಲಿ. ಕನ್ನಡಿಗನೊಬ್ಬನ ಕಂಠವು ಹಿಂದಿಯನ್ನು ನುಡಿದು, ಮುಂಬಯಿಯಲ್ಲಿ ಮುದ್ರಿತವಾಗಿ, ಸಮುದ್ರವನ್ನು ದಾಟಿ ಕೊಲಂಬೋಗೆ ಹೋಗಿ, ಅಲ್ಲಿಂದ ಆಕಾಶಕ್ಕೆ ನೆಗೆದು ಸೇಡಮ್ಮಿನ ಕಟ್ಟೆಯ ಮೇಲೆ ಇಳಿಯಬೇಕಾಯಿತು.

ಹೊಸದಕ್ಕೆ ಬುಧವಾರವಾದರೆ ಹಳೆಯದಕ್ಕೆ ಪ್ರತಿದಿನದ ಮುಂಜಾವು. ಏಳೂವರೆಗೆ ಸಿಲೋನಿನಿಂದ ಹಳೆಯ ಚಿತ್ರಗಳ ಹಾಡುಗಳು. ಎಂಟು ಹೊಡೆಯುವ ಮುನ್ನ ಕೊನೆಯದಾಗಿ ತಪ್ಪದೆ ಕುಂದನಲಾಲ್ ಸೈಗಲ್ಲರ ಒಂದು ಹಾಡು. ಸೈಗಲ್ಲರು 1947ರಲ್ಲಿಯೇ ತೀರಿಕೊಂಡಿದ್ದರು. ಅವರ ಚಿತ್ರಗಳನ್ನು ಒಂದನ್ನೂ ನೋಡದ ನನ್ನ ಓರಗೆಯವರು ಅವರ ದನಿ ಕೇಳಿದೊಡನೆ ಶಾಲೆಗೆ ಹೊತ್ತಾಯಿತೆಂದು ಪಾಟೀಚೀಲ ಎತ್ತಿಕೊಳ್ಳುತ್ತಿದ್ದರು. ಇತ್ತ ಕೇಸ್ಕರರ ಪ್ರಯತ್ನವನ್ನೂ ಅಲ್ಲಗಳೆಯಬಾರದು. 1952ರಲ್ಲಿಯೇ ಆಕಾಶವಾಣಿಯು ಆರಂಭಿಸಿದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವು ಶನಿವಾರ ರಾತ್ರಿ ಒಂಬತ್ತೂವರೆಗೆ, ಒಮ್ಮೆ ಹಿಂದುಸ್ತಾನಿ, ಒಮ್ಮೆ ಕರ್ನಾಟಕ ಪದ್ಧತಿಯನ್ನು ಕೇಳಿಸುತ್ತಿದ್ದಿತು. ಚಾಳಿನಲ್ಲಿ ಅದಕ್ಕೆ ಚಾಪೆ ಹಾಸುತ್ತಿರಲಿಲ್ಲ. ಆದರೆ ತಮಿಳು ಫೈರ್‌ಮನ್ನರು ಮಾತ್ರ ಕರ್ನಾಟಕ ಸಂಗೀತದ ಶನಿವಾರ ಸ್ನಾನ ಮಾಡಿ ಬಂದು ಹೊಸ್ತಿಲಲ್ಲಿ ಕುಳಿತು, ಕಾಕಾನಿಗೆ ಬೆರಳಿನಿಂದ ತೊಡೆಯ ಮೇಲೆ ತಾಳ ತೋರಿಸುತ್ತಿದ್ದರು. ವಹಿಯಲ್ಲಿ ಶನಿವಾರದ ಲೆಕ್ಕವಿಲ್ಲ.

ಬಿಹಾರದ, ಈಗ ಜಾರ್ಖಂಡಿನಲ್ಲಿರುವ, ಝುಮ್ರಿ ತಲೈಯಾ ಎಂಬ ಊರಿನ ಹೆಸರನ್ನು ಆ ಕಾಲದ ಶ್ರೋತೃಗಳು ಮರೆಯಲಾರರು. ಅಭ್ರಕದ ಗಣಿಗಳ ಆ ಚಿಕ್ಕ ಪಟ್ಟಣದಿಂದ ಕೋರಿಕೆಯ ಪತ್ರಗಳು ಕಂತೆಕಂತೆಯಾಗಿ ಹೋಗಿ, ಅಂತಹ ಊರು ನಿಜವಾಗಿಯೂ ಇದೆಯೋ ಇಲ್ಲವೋ ಎಂದು ಜನ ಸಂಶಯಪಡುವಷ್ಟು ಅದರ ಹೆಸರು ಕೇಳಿಬರುತ್ತಿತ್ತು. ನಮ್ಮದೂ ಗಣಿಯ ಸೀಮೆಯೇ. ಆದರೆ ನಮ್ಮವರು ಕೇಳಿದರೇ ಹೊರತು ಬರೆಯಲಿಲ್ಲ. ಚಿತ್ತಾಪುರದಿಂದ ಹೋದ ಒಂದು ಕಾರ್ಡಿನ ಹೆಸರು ಯಾವಾಗಲೋ ಓದಲ್ಪಟ್ಟಿತೆಂಬ ಮಾತನ್ನು ಮೂವರು ಬೇರೆ ಬೇರೆಯವರು ತಮ್ಮದೇ ಕಾರ್ಡೆಂದು ನನಗೆ ಹೇಳಿದ್ದಾರೆ. ಮೂವರನ್ನೂ ನಂಬಿದ್ದೇನೆ.

1957ರ ಅಕ್ಟೋಬರ 3ರಂದು ಆಕಾಶವಾಣಿಯು ವಿವಿಧ ಭಾರತಿಯನ್ನು ಆರಂಭಿಸಿ ಸೋಲನ್ನು ಒಪ್ಪಿಕೊಂಡಿತು. ಟ್ರಾನ್ಸಿಸ್ಟರ್ ಬಂದ ಮೇಲಂತೂ ಚಕ್ಕಡಿಯ ನೊಗಕ್ಕೆ ರೇಡಿಯೋ ತೂಗುಹಾಕಿಕೊಂಡು ಚಿಂಚೋಳಿಯ ರೈತರು ಸಂತೆಗೆ ಹೋದರು. ರೈಲು ಹೋಗದ ಊರಿಗೆ ಹಾಡು ಹೋಯಿತು.

ನನ್ನ ಮಟ್ಟಿಗೆ ಇವೆಲ್ಲವುಗಳಿಗಿಂತ ದೊಡ್ಡ ಘಟನೆಯೆಂದರೆ 1966ರಲ್ಲಿ ಕಲಬುರ್ಗಿಯಲ್ಲಿ ಆಕಾಶವಾಣಿ ಕೇಂದ್ರ ಸ್ಥಾಪಿತವಾದುದು. ಏಕೀಕರಣವಾಗಿ ಹತ್ತು ವರ್ಷ ಕಳೆದಿದ್ದುವು. ಮಲ್ಲಿಕಾರ್ಜುನ ಮನಸೂರರ ಮತ್ತು ರಾಯಚೂರ ಕಡೆಯ ಸಿದ್ಧರಾಮ ಜಂಬಲದಿನ್ನಿಯವರ ಕಂಠದಲ್ಲಿ ವಚನಗಳು ಗರಗರ ಸದ್ದಿಲ್ಲದೆ ಕೇಳಿಬಂದುವು. ಅದು ಸಂತೋಷದ ವಿಷಯವೇ ಹೌದು, ಆದರೆ ಆಶ್ಚರ್ಯದ್ದಲ್ಲ. ಆಶ್ಚರ್ಯವಾದುದು ಹಳ್ಳಿಯ ಭಜನಾ ಮಂಡಳಿಯವರು ಸ್ಟುಡಿಯೋದಲ್ಲಿ ಕುಳಿತು ಹಾಡಿದ ತತ್ವಪದಗಳು ಪೆಟ್ಟಿಗೆಯಿಂದ ಹೊರಟ ದಿನ. ಪ್ರತಿ ಅಮಾವಾಸ್ಯೆಗೆ ಗುಡಿಯಲ್ಲಿ ಕೇಳಿ ಕೇಳಿ ಕಿವಿ ಸವೆದಿದ್ದ ಪದ, ಅದೇ ಏಕತಾರಿ, ಅದೇ ದಮ್ಮಡಿ. ಆದರೆ ಅಂಗಳದಲ್ಲಿದ್ದವರೆಲ್ಲ ಸುಮ್ಮನಾದರು. ಕೊಲಂಬೋದಿಂದ ಬರುವುದನ್ನು ಕೇಳುವುದಕ್ಕೆಂದು ಹದಿನಾಲ್ಕು ವರ್ಷ ಕಲಿತ ಏಕಾಗ್ರತೆಯಿಂದ, ಯಾವ ಸ್ವರ ಎಲ್ಲಿ ಏರಿತು, ಹಿಮ್ಮೇಳ ಎಲ್ಲಿ ಹಿಡಿಯಿತು ಎಂದು ನೋಡುತ್ತ, ತಮ್ಮದೇ ಪದವನ್ನು ಪರರ ಹಾಡಿನಂತೆ ಕೇಳಿದರು. ಹಾಡು ಮುಗಿದ ಮೇಲೆ ಮರಾಠಿ ಗಾರ್ಡರು “ಇದು ಯಾವ ರಾಗ?” ಎಂದು ಕಾಕಾನನ್ನು ಕೇಳಿದರು. ತತ್ವಪದಕ್ಕೂ ರಾಗವಿರುತ್ತದೆಂಬ ವಿಚಾರ ಕಾಕಾನಿಗೆ ಆವರೆಗೆ ಹೊಳೆದಿರಲಿಲ್ಲವಂತೆ.

ಇದರಲ್ಲೊಂದು ಊನವೂ ಇದ್ದಿತು. ನಮ್ಮ ಭಜನೆಗೆ ಜೀವವಾದ ಪೇಟಿಗೆ, ಎಂದರೆ ಹಾರ್ಮೋನಿಯಮ್ಮಿಗೆ, ಸ್ವರದ ಸೂಕ್ಷ್ಮಗಳನ್ನು ಅದು ನುಡಿಸಲಾರದೆಂಬ ಕಾರಣದಿಂದ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಪ್ರವೇಶವಿರಲಿಲ್ಲ. ಪೇಟಿ ಮಾಸ್ತರರು ಮಂಡಳಿಯೊಡನೆ ಕಲಬುರ್ಗಿಯವರೆಗೆ ಹೋಗಿ ಹೊರಗೆ ಕುಳಿತುಬರಬೇಕಾಯಿತು. ಶಾಸ್ತ್ರದ ಹೆಸರಿನಲ್ಲಿ ಮಾಡಿದ ಆ ನಿಯಮವು ಹಳ್ಳಿಯ ಹಾಡಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಏಕತಾರಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಹೀಗಾಗಿ ರೇಡಿಯೋದಲ್ಲಿ ಬಂದ ನಮ್ಮ ಪದಗಳು ಗುಡಿಯಲ್ಲಿ ಹಾಡುವುದಕ್ಕಿಂತ ಒಂದು ತಲೆಮಾರಿನಷ್ಟು ಹಳೆಯವಾಗಿ ಕೇಳಿಸುತ್ತಿದ್ದುವು.

ಗೀತಮಾಲಾ 1989ರಲ್ಲಿ ಸಿಲೋನನ್ನು ಬಿಟ್ಟು ವಿವಿಧ ಭಾರತಿಗೆ ಬಂದಿತು. ಅಷ್ಟರಲ್ಲಿ ದೂರದರ್ಶನವು ಎಲ್ಲ ಮನೆಗಳ ಪಡಸಾಲೆಗಳನ್ನೂ ಗೆದ್ದಿದ್ದಿತು, ರೇಡಿಯೋದ ಲೈಸೆನ್ಸೂ ರದ್ದಾಗಿದ್ದಿತು. ಅಮೀನ್ ಸಯಾನಿಯವರು 2024ರ ಫೆಬ್ರವರಿ 20ರಂದು ತೀರಿಕೊಂಡರು. ಅಂದು ರಾತ್ರಿ ಟ್ರಂಕು ತೆರೆದು ವಹಿಯನ್ನು ಹೊರಗೆ ತೆಗೆದೆನು. ಬಲಗಡೆಯಿಂದ ಆರಂಭವಾದ ಬುಧವಾರಗಳ ಉರ್ದು ಬರವಣಿಗೆ ಮುಕ್ಕಾಲು ಭಾಗಕ್ಕೆ ನಿಂತಿದೆ. ತಿರುಗಿಸಿ ಹಿಡಿದರೆ, ಎಡಗಡೆಯಿಂದ, ಹೊಸದಾಗಿ ಕಲಿತವರ ದುಂಡಾದ ಕನ್ನಡ ಅಕ್ಷರಗಳಲ್ಲಿ ಕಲಬುರ್ಗಿ ಕೇಂದ್ರದಿಂದ ಕೇಳಿ ಬರೆದುಕೊಂಡ ಪದಗಳಿವೆ: ಅಂಕಿಯಿಲ್ಲ, ಪಾಯ್ದಾನಿಲ್ಲ, ಹಾಡಿದ ಮಂಡಳಿಯ ಊರಿನ ಹೆಸರು ಮಾತ್ರ. ಎರಡು ಬರವಣಿಗೆಗಳ ನಡುವೆ ಹನ್ನೊಂದು ಹಾಳೆಗಳು ಖಾಲಿ ಉಳಿದಿವೆ.